ಒಂದೂವರೆ ಕೊಂಬಿನ ಬಸವನಹುಳು

ಫೆಬ್ರವರಿ ೬

…ಅಂದರೆ ಆ ಬಸವನಹುಳು ಅವರದ್ದಂತೆ, ಕತ್ತರಿ! ನಿನ್ನೆ ಫೋನಿನಲ್ಲಿ ಇಲ್ಲಿಯವರೆಗೆ ಹೇಳಿದ್ದೆ, ಅಷ್ಟರಲ್ಲಿ ಲೈನು ಹೋಯಿತು, ಅಥವಾ ನೀನೇ ಇಟ್ಟುಬಿಟ್ಟೆಯೋ ಗೊತ್ತಾಗಲಿಲ್ಲ. ಮತ್ತೆ ಎರಡು ಸಲ ಮಾಡಿದೆ, ಎತ್ತಲಿಲ್ಲ. ಹೋಗಲಿ, ನನಗೆ ಮಾತಿಗಿಂತ ಕಾಗದವೇ ಹಗುರ. ನಿನ್ನನ್ನು ಕತ್ತರಿ ಎಂದು ಕರೆಯುವವನು ನಾನೊಬ್ಬನೇ ಉಳಿದಿದ್ದೇನೆ ನೋಡು. ಹೊಲಿಗೆ ಅಂಗಡಿ ಇಟ್ಟದ್ದಕ್ಕೆ ಆ ಹೆಸರು ಬಂತೆಂದು ಜನ ತಿಳಿಯುತ್ತಾರೆ. ನಿನ್ನ ನಾಲಿಗೆಗೆ ನಿನ್ನ ಅಕ್ಕ ಇಟ್ಟ ಹೆಸರು ಅದು ಎಂದು ನಮಗೆ ಮೂವರಿಗೇ ಗೊತ್ತಿತ್ತು.

ನೋಟೀಸು ನನ್ನ ಮುಂದೆಯೇ ಇದೆ. ಶಾಲೆ ಮಕ್ಕಳ ನೋಟ್‌ಬುಕ್ಕಿನಿಂದ ಕಚೇರಿ ಫೈಲಿನವರೆಗೆ ಎಲ್ಲವನ್ನೂ ಮಾಡುವ ದೊಡ್ಡ ಕಾಗದದ ಕಂಪನಿ. ‘ಕೈಯಲ್ಲಿ ಹೊಲಿದ’ ಪುಸ್ತಕಗಳ ಹೊಸ ಸರಣಿ ತರುತ್ತಾರಂತೆ, ಅದರ ಮೇಲೆ ಬಸವನಹುಳುವಿನ ಗುರುತಂತೆ. ಅದನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲು ಅರ್ಜಿ ಹಾಕಿಯಾಗಿದೆ, ಆದ್ದರಿಂದ ನಾನು ಆ ಗುರುತನ್ನು ಬಳಸುವುದನ್ನು ನಿಲ್ಲಿಸಿ ನನ್ನ ಹಿತ್ತಾಳೆಯ ಅಚ್ಚನ್ನು ಅವರಿಗೆ ಒಪ್ಪಿಸಬೇಕಂತೆ. ‘ಫೋರ್ತ್‌ವಿತ್’ ಎಂದಿದ್ದಾರೆ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಈ ಒಂದು ಪದಕ್ಕೆ ಅರ್ಧ ಗಂಟೆ ಪಾಠ ಮಾಡಿದ್ದರು. ಪಾಠ ಮರೆತಿದೆ, ಅವರ ಕೋಟಿನ ಹರಿದ ಮೊಣಕೈ ನೆನಪಿದೆ. ತಕ್ಷಣ ಎಂದೇ ಇರಬೇಕು, ದೊಡ್ಡವರು ಚಿಕ್ಕವರಿಗೆ ಮತ್ತೇನು ಬರೆದಾರು?

ಕೊಡುವುದಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಸುತ್ತು ಬಳಸಿ ಹೋಗುವಾಗ ಮರೆತರೆ ಕಷ್ಟ.

ಆ ಹುಳು ಹುಟ್ಟಿದ ಕಥೆ ನಿನಗೆ ಗೊತ್ತು. ಆದರೂ ಎಲ್ಲವನ್ನೂ ಬರೆದು ಅಭ್ಯಾಸ ಮಾಡಿಕೊಳ್ಳಿ ಎಂದಿದ್ದಾರೆ ಎರಡನೇ ಮಹಡಿಯ ವಕೀಲಮ್ಮ. ಅರ್ಧ ನಿವೃತ್ತರು ಅವರು, ನಮ್ಮ ಪುಸ್ತಕವಲ್ಲದೆ ಬೇರೆಯದರಲ್ಲಿ ದಿನಚರಿ ಬರೆದವರಲ್ಲ. ಮೂವತ್ತೊಂದು ವರ್ಷದ ಹಿಂದೆ ನಾವಿಬ್ಬರೂ ಈ ಕೋಣೆ ಹಿಡಿದು ನೋಟ್‌ಬುಕ್ ಕಟ್ಟಲು ಶುರುಮಾಡಿದಾಗ, ನಾನು ಒಂದು ಪುಸ್ತಕ ಹೊಲಿಯುವಷ್ಟರಲ್ಲಿ ನಿನ್ನ ಅಕ್ಕ ತೊಟ್ಟಿಯ ನೀರಿನ ಮೇಲೆ ಬಣ್ಣ ತೇಲಿಸಿ ಎಂಟು ಹಾಳೆ ಅದ್ದಿ ತೆಗೆದು ದಾರಕ್ಕೆ ನೇತುಹಾಕಿರುತ್ತಿದ್ದಳು. ‘ಬಸವನಹುಳು’ ಎಂದಳು ನನ್ನನ್ನು. ಎಂದವಳೇ ಎಡಗೈಯಲ್ಲಿ, ಪೆನ್ನು ಎತ್ತದೆ, ಒಂದೇ ಗೆರೆಯಲ್ಲಿ ಅದನ್ನು ಬರೆದೂಬಿಟ್ಟಳು. ಎರಡನೇ ಕೊಂಬಿನ ಅರ್ಧಕ್ಕೆ ಬಂದಾಗ ಇಂಕು ಮುಗಿಯಿತು. “ಇರ್ಲಿ ಬಿಡಿ, ನಿಮ್ಮ ಹಾಗೇ ಇದೆ, ಪೂರ್ತಿ ಆಗಿಲ್ಲ” ಎಂದಳು. ಅದನ್ನೇ ಅಚ್ಚು ಮಾಡಿಸಿದೆವು. ಕಂಪನಿಯ ಅರ್ಜಿಯಲ್ಲಿರುವ ಹುಳುವಿಗೂ ಕೊಂಬು ಒಂದೂವರೆಯೇ!

ಈಗ ತಮಾಷೆ ನೋಡು. ನಮ್ಮ ಪುಸ್ತಕದ ಹೊರಗೆಲ್ಲೂ ಆ ಗುರುತಿಲ್ಲ. ಹಿಂದಿನ ರಟ್ಟಿನ ಒಳಮೈಗೆ ಅಚ್ಚು ಒತ್ತಿ, ಅದರ ಮೇಲೆ ನಿನ್ನ ಅಕ್ಕನ ಬಣ್ಣದ ಹಾಳೆ ಅಂಟಿಸುತ್ತೇವೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಹೆಬ್ಬೆರಳು ಆಡಿಸಿದರೆ ಮಾತ್ರ ಸಣ್ಣ ತಗ್ಗು ಸಿಗುತ್ತದೆ, ಚಿಪ್ಪಿನ ಸುರುಳಿ. ಹಳೆಯ ಗಿರಾಕಿಗಳು ಪುಸ್ತಕ ಎತ್ತಿಕೊಂಡರೆ ಹಾಳೆ ತಿರುಗಿಸುವ ಮೊದಲು ಹಿಂದಿನ ರಟ್ಟು ತೆರೆದು ಹೆಬ್ಬೆರಳು ಆಡಿಸುತ್ತಾರೆ. ಕಸುಬಿನವನು ತನ್ನ ಗುರುತನ್ನು ಮೆರೆಸಬಾರದು, ಇದು ನಮ್ಮ ಅಂಗಡಿಯ ಪ್ರಿನ್ಸಿಪಲ್ ಎಂದು ಮೂವತ್ತೊಂದು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ.

ಹಾಗಿದ್ದಮೇಲೆ ಮುಚ್ಚಿಟ್ಟ ಚಿತ್ರದ ಆ ಅರ್ಧ ಕೊಂಬು ಅವರಿಗೆ ಹೇಗೆ ಸಿಕ್ಕಿತು? ಅಚ್ಚನ್ನು ಬರಿಗಣ್ಣಿನಲ್ಲಿ ಕಂಡವರು ನಾನು, ನಿನ್ನ ಅಕ್ಕ, ಮತ್ತೆ ಅದನ್ನು ಕೆತ್ತಿದವನು. ಕೆತ್ತನೆಯವನ ಮೇಲೆ ನನಗೆ ಅನುಮಾನ. ಮೂವತ್ತು ವರ್ಷದ ಸ್ನೇಹಿತ, ಆದರೂ.

ನಿನ್ನಿಂದ ಒಂದೇ ಒಂದು ಬೇಕು. ನಾವು ಕಟ್ಟಿದ ಮೊದಲ ಪುಸ್ತಕ ನಿನ್ನ ಹತ್ತಿರ ಇದೆ, ಮೊದಲ ಪುಟದಲ್ಲಿ ‘ಕತ್ತರಿಗೆ’ ಎಂದು ಬರೆದು ನಿನ್ನ ಅಕ್ಕ ತಾರೀಖು ಹಾಕಿದ್ದಾಳೆ. ಆ ತಾರೀಖೇ ನನ್ನ ಕೈಯಲ್ಲಿರುವ ಆಯುಧ. ಕಳಿಸು.

ನಿನ್ನ ಭಾವ

ಫೆಬ್ರವರಿ ೧೯

ಭಾವ,

ಫೋನು ನಾನು ಇಡಲಿಲ್ಲ, ಅದಾಗಿಯೇ ಹೋಯಿತು. ಈ ತಿಂಗಳು ಶಾಲೆಯ ಸಮವಸ್ತ್ರದ ಕೆಲಸ, ಮೈಮೇಲೆ ಎಚ್ಚರವಿಲ್ಲ.

ಪುಸ್ತಕ ಎಲ್ಲೋ ಇರಬೇಕು, ಹುಡುಕುತ್ತೇನೆ. ಮನೆ ಬದಲಾಯಿಸಿದಾಗ ಕೆಲವು ಪೆಟ್ಟಿಗೆ ಇನ್ನೂ ಬಿಚ್ಚಿಲ್ಲ.

ಒಂದು ಮಾತು ಹೇಳಲೇ? ನಿಮಗೆ ಎಪ್ಪತ್ತು ದಾಟಿತು. ದೊಡ್ಡವರ ಜೊತೆ ಕಚೇರಿ ಮೆಟ್ಟಿಲು ಹತ್ತುವ ಮಂಡಿ ನಿಮ್ಮದಲ್ಲ. ಬೇರೆ ಗುರುತು ಮಾಡಿಕೊಳ್ಳಿ, ಮೀನೋ ಹಕ್ಕಿಯೋ ಯಾವುದೋ ಒಂದು. ಹೇಗಿದ್ದರೂ ಹಾಳೆಯ ಕೆಳಗೆ ಮುಚ್ಚಿಡುವವರು ನೀವು. ಕೆಳಗೆ ಏನಿದ್ದರೇನು?

ಕೆತ್ತನೆಯವರ ಜೊತೆ ಜಗಳಕ್ಕೆ ಹೋಗಬೇಡಿ.

ಕತ್ತರಿ

ಮಾರ್ಚ್ ೩

ಕತ್ತರಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ, ಮೂರು ಸಲವೂ ಸಿಟ್ಟು ಬಂತು. ಮೀನಂತೆ, ಹಕ್ಕಿಯಂತೆ! ನಿನ್ನ ಅಕ್ಕ ಹೋದಮೇಲೆ ಬೇರೆ ಹೆಂಡತಿ ಮಾಡಿಕೊಳ್ಳಿ ಎಂದು ನನಗೆ ಹೇಳಿದ್ದೆಯಾ?

ಆಕ್ಷೇಪಣೆ ಸಲ್ಲಿಸಿದೆ. ಜೊತೆಗೆ ನಮ್ಮದೇ ಅರ್ಜಿಯನ್ನೂ ಹಾಕಿದೆ, ಹದಿನಾರನೇ ವರ್ಗ, ಕಾಗದ ಮತ್ತು ಕಾಗದದ ಸಾಮಾನು. ನೋಂದಣಿ ಕಚೇರಿಯ ಕಿಟಕಿಯಲ್ಲಿ ಕನ್ನಡಕದ ಹೆಣ್ಣುಮಗಳೊಬ್ಬಳು ಕೂತಿದ್ದಳು.

“ಗುರುತು ಎಲ್ಲಿ ಹಾಕ್ತೀರಿ?” ಎಂದಳು.

“ಒಳಗೆ.”

“ಯಾವುದರ ಒಳಗೆ?”

“ಹಾಳೆ ಕೆಳಗಮ್ಮ.”

“ಹಾಗಾದ್ರೆ ಕಾಣೋದೇ ಇಲ್ವಲ್ಲ.”

“ಕಾಣೋದಕ್ಕಲ್ಲ, ಮುಟ್ಟೋದಕ್ಕೆ.”

ಅವಳು ನಮೂನೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಮುಟ್ಟೋದಕ್ಕೆ ಇದ್ರಲ್ಲಿ ಕಾಲಂ ಇಲ್ಲ ಯಜಮಾನ್ರೆ.”

ಅರ್ಜಿಯ ಕೊನೆಯಲ್ಲಿ ‘ದಿ ಅಂಡರ್‌ಸೈನ್ಡ್’ ಎಂದಿತ್ತು, ಕೆಳಗೆ ಸಹಿ ಮಾಡಿದವನು ಎಂದು. ಕಾಲೇಜು ಬಿಟ್ಟು ಐವತ್ತು ವರ್ಷದ ಮೇಲೆ ಆ ಪದ ಮತ್ತೆ ಸಿಕ್ಕಿತು. ಎಷ್ಟು ಗತ್ತಿನ ಪದ! ಒತ್ತಿ ಸಹಿ ಹಾಕಿದೆ, ನಿಬ್ಬು ಸೀಳಿತು.

ವಕೀಲಮ್ಮ ಮಾತ್ರ ಮುಖ ಕೊಟ್ಟು ಮಾತಾಡಲಿಲ್ಲ. “ಗುರುತು ಅಂದ್ರೆ ಗಿರಾಕಿ ಅದನ್ನ ನೋಡಿ ಇದು ಇಂಥವರ ಮಾಲು ಅಂತ ತಿಳ್ಕೊಳ್ಳೋದು. ನೀವೋ ಅಂಟು ಹಚ್ಚಿ ಮುಚ್ಚಿದ್ದೀರಿ. ಕಳ್ಳ ಕೂಡ ಇಷ್ಟು ನೀಟಾಗಿ ಸಾಕ್ಷಿ ಮುಚ್ಚಲ್ಲ” ಎಂದರು. ಈಗ ನಾವು ತೋರಿಸಬೇಕಾದದ್ದು ಎರಡು. ಅವರಿಗಿಂತ ಮೊದಲು ನಾವು ಬಳಸಿದ್ದೇವೆ ಎನ್ನುವುದು ಒಂದು, ಅದಕ್ಕೆ ನಿನ್ನ ಪುಸ್ತಕ ಬೇಕು. ಗಿರಾಕಿಗಳಿಗೆ ಆ ಗುರುತು ಗೊತ್ತಿತ್ತು ಎನ್ನುವುದು ಇನ್ನೊಂದು. ಅದಕ್ಕೆ ನಾನು ಮನೆಮನೆ ಸುತ್ತುತ್ತಿದ್ದೇನೆ. ಸಂಗೀತದ ಮೇಡಂ ಅಫಿಡವಿಟ್ ಬರೆದುಕೊಟ್ಟರು. ಹೆರಿಗೆ ಆಸ್ಪತ್ರೆಯ ಹಳೆಯ ನರ್ಸಮ್ಮ, ಹುಟ್ಟಿದ ಮಕ್ಕಳ ತೂಕವನ್ನೆಲ್ಲ ನಮ್ಮ ಪುಸ್ತಕದಲ್ಲೇ ಬರೆದಿಟ್ಟವರು, “ಹುಳ ಇಲ್ದೇ ಇದ್ರೆ ನಾನು ಪುಸ್ತಕಾನೇ ಮುಟ್ಟಲ್ಲ, ಬರ್ಕೊಳ್ಳಿ” ಎಂದು ಗದರಿದರು. ಹದಿಮೂರು ಜನ ಆಗಿದ್ದಾರೆ.

ಕೆತ್ತನೆಯವನ ಹತ್ತಿರ ಹೋದೆ. ಬೇಡ ಎಂದಿದ್ದೆ ನೀನು, ಗೊತ್ತು.

“ಅಚ್ಚಿನ ನಕಲು ಯಾರಿಗೆ ಕೊಟ್ಟೆ?” ಎಂದೆ.

“ನಿನ್ನ ಹುಳಾನ ಯಾರು ಕೇಳ್ತಾರೋ ಮಾರಾಯ? ಮೂವತ್ತು ವರ್ಷ ಆಯ್ತು, ಇನ್ನೂ ಅದಕ್ಕೊಂದು ಕೊಂಬು ಪೂರ್ತಿ ಹಾಕಿಸಿಲ್ಲ ನೀನು” ಎಂದು ನಕ್ಕ. ನಾನು ನಗಲಿಲ್ಲ. ಆಗ ಅವನ ಮುಖ ಬದಲಾಯಿತು. ಉಳಿಯನ್ನು ಕೆಳಗಿಟ್ಟು, ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡು, “ಹೊರಗೆ ಹೋಗು” ಎಂದ.

ತಪ್ಪಿಲ್ಲದವನು ಹಾಗೆ ಅನ್ನುತ್ತಾನೆಯೇ? ಪುಸ್ತಕ ಬೇಗ ಕಳಿಸು.

ದಿ ಅಂಡರ್‌ಸೈನ್ಡ್

ಮಾರ್ಚ್ ೨೯

ಕತ್ತರಿ,

ನಿನ್ನಿಂದ ಉತ್ತರವಿಲ್ಲ. ಪೋಸ್ಟಿನವನನ್ನು ಮೆಟ್ಟಿಲಲ್ಲೇ ತಡೆದು ಕೇಳುತ್ತೇನೆ, ಅವನು ನನ್ನನ್ನು ಕಂಡರೆ ಈಗ ರಸ್ತೆಯ ಆಚೆ ಬದಿಗೆ ಹೋಗುತ್ತಾನೆ.

ಕಂಪನಿಯವನೊಬ್ಬ ಬಂದಿದ್ದ. ಒಳ್ಳೆಯ ಬೂಟು, ತೆಳ್ಳಗಿನ ದನಿ. ನೋಟೀಸು ಮರೆತುಬಿಡಿ ಎಂದ. ಅಚ್ಚು ಅವರಿಗೆ ಕೊಟ್ಟರೆ ನಾನು ಅವರ ಹೆಸರಿನಲ್ಲಿ ಪುಸ್ತಕ ಕಟ್ಟುತ್ತ ಇರಬಹುದಂತೆ, ಕ್ಯಾಟಲಾಗಿನಲ್ಲಿ ನನ್ನ ಫೋಟೋ, ಕೆಳಗೆ ‘ನಮ್ಮ ಹಿರಿಯ ಕುಶಲಕರ್ಮಿ’. “ನಿಮ್ಮನ್ನ ನಮ್ಮ ಫ್ಯಾಮಿಲಿಗೆ ಸೇರಿಸ್ಕೊಳ್ತೀವಿ ಸಾರ್” ಎಂದ.

“ನನಗೊಂದು ಫ್ಯಾಮಿಲಿ ಇತ್ತಪ್ಪ. ಅದೇ ಸಾಕು” ಎಂದೆ.

ಅವನು ಒಣಹಾಕುವ ದಾರದ ಕಡೆ ನೋಡಿದ. ಖಾಲಿ ದಾರ. ನಿನಗೆ ಹೇಳಿರಲಿಲ್ಲ, ನಿನ್ನ ಅಕ್ಕ ಮಾಡಿಟ್ಟು ಹೋದ ಹಾಳೆಗಳು ಮುಗಿಯುತ್ತ ಬಂದಿವೆ. ಕಪಾಟಿನಲ್ಲಿ ಇನ್ನು ಒಂದು ಗೇಣು ದಪ್ಪ, ಅಷ್ಟೇ. ನಾನೇ ತೊಟ್ಟಿಗೆ ಬಣ್ಣ ಹಾಕಿ ನೋಡಿದೆ, ಯಾರೋ ಉಗುಳಿದ ಹಾಗೆ ಬಂತು. ಮುಂದಿನ ವರ್ಷ ಬರಿಯ ಬಿಳಿ ಹಾಳೆ ಅಂಟಿಸಬೇಕು. ಆಗ ಈ ಕೋಣೆಯಲ್ಲಿ ಅವಳ ಕೈಯದು ಎಂದು ಉಳಿಯುವುದು ಆ ಅಚ್ಚೊಂದೇ, ಮುಗಿಯದೇ ಇರುವುದು ಅದೊಂದೇ. ಈಗ ಗೊತ್ತಾಯಿತೇ, ಮೀನು ಹಕ್ಕಿ ಯಾಕೆ ಆಗುವುದಿಲ್ಲ ಎಂದು?

ನಿನ್ನ ಮೌನ ನನಗೆ ಅರ್ಥವಾಗುತ್ತದೆ. ಕೊನೆಯ ವಾರದವರೆಗೂ ಅವಳನ್ನು ತೊಟ್ಟಿಯ ಮುಂದೆ ನಿಲ್ಲಲು ಬಿಟ್ಟೆನೆಂದು ನಿನಗೆ ಇನ್ನೂ ಕೋಪ. ನಾನು ಕೂತುಕೋ ಎಂದರೆ ಅವಳು ಕೂರುತ್ತಿದ್ದಳೇ? ಕೋಪ ನನ್ನ ಮೇಲಿರಲಿ, ಪುಸ್ತಕದ ಮೇಲೆ ತೋರಿಸಬೇಡ. ಕಳಿಸು.

ಭಾವ

ಏಪ್ರಿಲ್ ೬

ಭಾವ,

ಇದನ್ನು ನಾಲ್ಕನೇ ಸಲ ಬರೆಯುತ್ತಿದ್ದೇನೆ. ಮೊದಲ ಮೂರೂ ಬಟ್ಟೆಚೂರಿನ ಬುಟ್ಟಿಯಲ್ಲಿವೆ.

ಕೆತ್ತನೆಯವರನ್ನು ಬಿಡಿ. ಹಾಳೆ ಬಿಚ್ಚಿದವಳು ನಾನು.

ಎರಡು ವರ್ಷದ ಹಿಂದೆ ಆ ಕಂಪನಿಯ ಒಬ್ಬ ನನ್ನ ಅಂಗಡಿಗೆ ಕೋಟು ಸಣ್ಣ ಮಾಡಿಸಲು ಬಂದ. ಮೇಜಿನ ಮೇಲೆ ಅಕ್ಕ ಕೊಟ್ಟ ಪುಸ್ತಕ ಇತ್ತು, ನಾನು ಅದರಲ್ಲೇ ಅಳತೆ ಬರೆಯುವುದು. ಎಷ್ಟು ಚೆನ್ನಾಗಿದೆ, ಯಾರು ಮಾಡಿದ್ದು ಎಂದ. ಅಕ್ಕ ಹೋಗಿ ಎರಡು ವರ್ಷವಾಗಿತ್ತು, ಅವಳ ಬಗ್ಗೆ ಯಾರಾದರೂ ಕೇಳಿ ಎಷ್ಟೋ ದಿನವಾಗಿತ್ತು. ಹೇಳುತ್ತ ಹೋದೆ. ಹಳೆಯ ಕಸುಬುಗಳ ಪ್ರದರ್ಶನ ಇಡುತ್ತಿದ್ದೇವೆ, ಗುರುತಿನ ಕೆಳಗೆ ಅವರ ಹೆಸರನ್ನೂ ಹಾಕುತ್ತೇವೆ ಎಂದ. ನಾನೇ ಇಸ್ತ್ರಿಪೆಟ್ಟಿಗೆಯ ಹಬೆ ಹಿಡಿದು ಒಳಹಾಳೆಯನ್ನು ಎಬ್ಬಿಸಿದೆ. ಭಾವ, ಆವತ್ತೇ ನಾನು ಅದನ್ನು ಮೊದಲು ಕಣ್ಣಾರೆ ನೋಡಿದ್ದು. ಇಪ್ಪತ್ತೊಂಬತ್ತು ವರ್ಷ ನನ್ನ ಮನೆಯಲ್ಲೇ ಇತ್ತು, ಒಂದು ದಿನ ಬೆಳಕು ಕಂಡಿರಲಿಲ್ಲ. ಅತ್ತುಬಿಟ್ಟೆ, ಆ ಕೋಟಿನವನ ಎದುರಿಗೇ.

ಮೂರು ದಿನಕ್ಕೆಂದು ತೆಗೆದುಕೊಂಡು ಹೋದ, ತಂದೂ ಕೊಟ್ಟ. ಪ್ರದರ್ಶನ ನಡೆಯಲಿಲ್ಲ. ನೀವು ಫೋನಿನಲ್ಲಿ ಕಂಪನಿಯ ಹೆಸರು ಹೇಳಿದ ತಕ್ಷಣ ಗೊತ್ತಾಯಿತು. ಫೋನು ನಾನೇ ಇಟ್ಟೆ.

ಅವರ ಮುದ್ರೆಯಿರುವ ರಸೀದಿ ನನ್ನ ಹತ್ತಿರ ಇದೆ: ‘ತಮ್ಮ ಅಕ್ಕನವರ ಬಸವನಹುಳುವಿನ ಪುಸ್ತಕವನ್ನು ಚಿತ್ರ ತೆಗೆಯಲು ಪಡೆದಿದ್ದೇವೆ’ ಎಂದು, ತಾರೀಖಿನ ಸಮೇತ. ಕೆಳಗೆ ‘ಒಪ್ಪಿದ್ದೇನೆ’ ಎಂದು ನನ್ನ ಸಹಿಯೂ ಇದೆ. ಅದಕ್ಕೇ ಕಳಿಸಲು ಹೆದರಿದೆ. ಆ ಸಹಿಯಿಂದಲೇ ನೀವು ಸೋತರೆ?

ನನ್ನದು ತಪ್ಪು. ಆದರೆ ಪೂರ್ತಿ ನನ್ನದಲ್ಲ. ಅಕ್ಕನ ಗೆರೆಯನ್ನು ಅಂಟಿನ ಕೆಳಗೆ ಹೂತಿಟ್ಟದ್ದು ನಿಮ್ಮ ಪ್ರಿನ್ಸಿಪಲ್. ನಾಲ್ಕು ಜನ ನೋಡಲಿ ಎಂದು ನಾನು ಆಸೆಪಟ್ಟೆ. ಬೈಯುವುದಿದ್ದರೆ ಬೈಯಿರಿ, ಆದರೆ ಆಸೆಗೆ ಬೈಯಬೇಡಿ.

ಕತ್ತರಿ

ಏಪ್ರಿಲ್ ೧೩

ಕಾಗದ ತಲುಪಿತು. ಈಗ ಏನು ಬರೆದರೂ ಕೆಟ್ಟದ್ದೇ ಬರುತ್ತದೆ. ಆದ್ದರಿಂದ ಬರೆಯುವುದಿಲ್ಲ.

ಏಪ್ರಿಲ್ ೨೨

ಕತ್ತರಿ,

ಒಂಬತ್ತು ದಿನ ಬೇಕಾಯಿತು. ಬಸವನಹುಳು ಎಂದು ಸುಮ್ಮನೆ ಕರೆದಳೇ ನಿನ್ನ ಅಕ್ಕ?

ಮೊದಲು ಕೆತ್ತನೆಯವನ ಹತ್ತಿರ ಹೋದೆ. ಬಾಗಿಲಲ್ಲೇ ನಿಂತು “ತಪ್ಪಾಯ್ತು” ಎಂದೆ. ಅವನು ತಲೆ ಎತ್ತಲಿಲ್ಲ. “ಜೋರಾಗಿ ಹೇಳು, ಕೇಳಿಸ್ಲಿಲ್ಲ” ಎಂದ. ಹೇಳಿದೆ. “ಬೀದಿಗೆ ಕೇಳೋ ಹಾಗೆ ಹೇಳು.” ಅದನ್ನೂ ಹೇಳಿದೆ. ಎದುರಿನ ಅಂಗಡಿಯವರು ಇಣುಕಿದರು. ಆಮೇಲೆ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದ. ಅವನೂ ಅಫಿಡವಿಟ್ ಕೊಡುತ್ತಾನೆ, ಅಚ್ಚು ಕೆತ್ತಿದ ವರ್ಷ ಅವನ ಹಳೆಯ ಪುಸ್ತಕದಲ್ಲಿದೆ. ಅದೂ ನಮ್ಮದೇ ಪುಸ್ತಕ.

ಈಗ ನನ್ನ ಸರದಿ. ಇದನ್ನು ಯಾರಿಗೂ ಹೇಳಿಲ್ಲ, ವಕೀಲಮ್ಮನಿಗೂ.

ಪ್ರಿನ್ಸಿಪಲ್ಲೂ ಇಲ್ಲ ಏನೂ ಇಲ್ಲ. ಮೊದಲ ಸಲ ನಲವತ್ತು ಪುಸ್ತಕಕ್ಕೆ ರಟ್ಟು ಸಿದ್ಧಮಾಡಿದಾಗ, ಹೊರಮೈಗೆ ಬರಬೇಕಾದ ಅಚ್ಚನ್ನು ನಾನು ಒಳಮೈಗೆ ಒತ್ತಿದೆ. ನಲವತ್ತಕ್ಕೂ. ಗಮನಿಸದೆ ಮೇಲೆ ಹಾಳೆಯನ್ನೂ ಅಂಟಿಸಿ ಪ್ರೆಸ್ಸಿಗೆ ಇಟ್ಟೆ. ಬೆಳಿಗ್ಗೆ ನಿನ್ನ ಅಕ್ಕ ಒಂದನ್ನು ತೆಗೆದು ಆ ಕಡೆ ಈ ಕಡೆ ತಿರುಗಿಸಿದಳು. “ಹುಳ ಎಲ್ಲಿ?” ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಹೆಬ್ಬೆರಳು ಆಡಿಸಿದಳು. ಸಿಕ್ಕಿತು. ಸಿಕ್ಕಿದ್ದೇ ನಗಲು ಶುರುಮಾಡಿದವಳು ನೆಲದ ಮೇಲೆ ಕೂತುಬಿಟ್ಟಳು. “ಹೆದರಿ ಚಿಪ್ಪಿನೊಳಗೆ ಹೋಗಿದೆ, ಅಲ್ಲೇ ಇರ್ಲಿ, ಇನ್ಮುಂದೆ ಎಲ್ಲದಕ್ಕೂ ಹಾಗೇ ಮಾಡೋಣ” ಎಂದಳು. ನಾನು ದಡ್ಡನಂತೆ ಕಾಣಬಾರದೆಂದು ಅವಳು ಮಾಡಿದ ಏರ್ಪಾಡು ಅದು. ಗಿರಾಕಿಗಳು ಯಾಕೆ ಎಂದು ಕೇಳಿದಾಗ ನಾನು ಕಾಲೇಜಿನ ಇಂಗ್ಲಿಷ್ ಹುಡುಕಿ ಪ್ರಿನ್ಸಿಪಲ್ ಎಂದೆ. ಅವಳು ಪಕ್ಕದಲ್ಲಿ ನಿಂತು ತುಟಿ ಬಿಗಿಹಿಡಿದಿರುತ್ತಿದ್ದಳು.

ಆದ್ದರಿಂದ ನೀನು ಹೇಳಿದ್ದು ಸರಿ. ಹೂತಿಟ್ಟವನು ನಾನೇ. ನೀನು ಬೆಳಕಿಗೆ ತಂದೆ, ಕಳ್ಳ ಕಂಡ. ಇಬ್ಬರದ್ದೂ ಸೇರಿ ಒಂದು ಪೂರ್ತಿ ತಪ್ಪಾಯಿತು.

ರಸೀದಿಯ ವಿಷಯ ಕೇಳಿ ವಕೀಲಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. “ಚಿತ್ರ ತೆಗೆಯೋದಕ್ಕೆ ಒಪ್ಪಿದ್ದು ಗುರುತು ಕೊಟ್ಟ ಹಾಗೆ ಆಗಲ್ಲ. ಅದು ಇನ್ನೊಬ್ಬರದ್ದು ಅಂತ ಅವರೇ ಬರ್ಕೊಟ್ಟಿದ್ದಾರಲ್ರೀ!” ಎಂದರು. ಕಳಿಸುತ್ತೀಯಾ?

ಭಾವ

ಮೇ ೨

ಭಾವ,

ಅಂದರೆ ಮೂವತ್ತೊಂದು ವರ್ಷ ನಾನು ಗೌರವ ಕೊಟ್ಟದ್ದು ಉಲ್ಟಾ ಒತ್ತಿದ ಅಚ್ಚಿಗೆ! ಹೊಲಿಗೆಯವಳು ನಾನು, ಒಳಮೈ ಹೊರಮೈ ಗೊತ್ತಾಗದವನನ್ನು ಒಂದೇ ದಿನದಲ್ಲಿ ಮನೆಗೆ ಕಳಿಸುತ್ತಿದ್ದೆ. ಅಕ್ಕನಿಗೆ ತಾಳ್ಮೆ ಜಾಸ್ತಿ. ಓದಿ ನಕ್ಕು ನಕ್ಕು ಸೂಜಿ ಚುಚ್ಚಿಕೊಂಡೆ.

ರಸೀದಿಯನ್ನೂ ಪುಸ್ತಕವನ್ನೂ ಅಂಚೆಗೆ ಹಾಕುವುದಿಲ್ಲ. ವಿಚಾರಣೆಯ ತಾರೀಖು ತಿಳಿಸಿ, ನಾನೇ ತರುತ್ತೇನೆ. ಕೊಟ್ಟವಳು ನಾನು ಎಂದು ನನ್ನ ಬಾಯಿಂದಲೇ ಹೇಳಬೇಕು. ಆ ಕೋಟಿನವನು ಅಲ್ಲಿದ್ದರೆ ಇನ್ನೂ ಒಳ್ಳೆಯದು.

ನೀವು ನಿಮ್ಮ ಪ್ರಿನ್ಸಿಪಲ್ಲನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಕತ್ತರಿ

ಸೆಪ್ಟೆಂಬರ್ ೧೨

ಕತ್ತರಿ,

ನೀನು ಸಾಕ್ಷಿ ಹೇಳಿ ರೈಲಿಗೆ ಹೊತ್ತಾಯಿತೆಂದು ಓಡಿದೆ. ಆಮೇಲೆ ನಡೆದದ್ದು ನಿನಗೆ ಗೊತ್ತಾಗಬೇಡವೇ?

ಕಂಪನಿ ವಕೀಲ “ನೀವೇ ಒಪ್ಪಿ ಕೊಟ್ಟಿದ್ದಲ್ವೇನಮ್ಮ?” ಎಂದದ್ದಕ್ಕೆ ನೀನು “ಅಳತೆಗೆ ಅಂತ ಕೊಟ್ಟ ಅಂಗಿ ದರ್ಜಿದಾಗಿಬಿಡುತ್ತಾ ಸಾರ್? ಹಾಗಾದ್ರೆ ಅರ್ಧ ಊರಿನ ಬಟ್ಟೆ ನಂದೇ” ಎಂದೆಯಲ್ಲ, ಬರೆದುಕೊಳ್ಳುತ್ತಿದ್ದ ಗುಮಾಸ್ತ ಪೆನ್ನು ಬಿಟ್ಟು ನಕ್ಕಿದ್ದನ್ನು ನೀನು ನೋಡಿದೆ. ಅದಾದ ಮೇಲೆ ಆ ವಕೀಲ ನನ್ನ ಕಡೆ ತಿರುಗಿದ. ನಿನ್ನ ಪುಸ್ತಕದ ತಾರೀಖನ್ನು ಅಲ್ಲಗಳೆಯಲು ಅವನಿಗೆ ಆಗಲಿಲ್ಲ, ರಸೀದಿಯನ್ನೂ ಆಗಲಿಲ್ಲ. ಉಳಿದದ್ದು ಒಂದೇ ದಾರಿ.

“ಮುಚ್ಚಿಟ್ಟದ್ದು ಗುರುತು ಹೇಗಾಗುತ್ತೆ? ಅದು ಅಷ್ಟು ಮುಖ್ಯ ಅನ್ನೋದಾದ್ರೆ ಯಾಕೆ ಮುಚ್ಚಿದ್ರಿ?” ಎಂದ.

ವಿಚಾರಣೆಯ ಅಧಿಕಾರಿ ನಡುವಯಸ್ಸಿನ ಹೆಂಗಸು, ಬೆಳಗ್ಗಿನಿಂದ ಒಂದು ಸಲವೂ ಮುಖ ಸಡಿಲಿಸಿರಲಿಲ್ಲ. “ಹೇಳಿ” ಎಂದರು.

ನನ್ನ ಅಫಿಡವಿಟ್ಟಿನಲ್ಲಿ ಎರಡು ಪುಟ ಪ್ರಿನ್ಸಿಪಲ್ ಇತ್ತು. ವಕೀಲಮ್ಮ ಅದನ್ನು ತೋರಿಸುತ್ತ ಕಣ್ಣುಸನ್ನೆ ಮಾಡಿದರು. ನಾನು ಎದ್ದು, “ಅಚ್ಚು ಉಲ್ಟಾ ಒತ್ತಿದೆ ತಾಯಿ. ನಲವತ್ತು ಪುಸ್ತಕ” ಎಂದೆ. ಎಲ್ಲ ಹೇಳಿದೆ. ನಿನ್ನ ಅಕ್ಕ ನೆಲದ ಮೇಲೆ ಕೂತದ್ದನ್ನೂ. ವಕೀಲಮ್ಮ ಹಣೆ ಹಿಡಿದುಕೊಂಡರು. “ತಪ್ಪು ನಂದು, ಗುರುತು ಅವಳದ್ದು. ಮುಚ್ಚಿದ್ರೂ ಹದಿನಾಲ್ಕು ಜನ ಅದನ್ನ ಹುಡುಕಿ ಕೊಂಡಿದ್ದಾರೆ ಅಂತ ಬರ್ಕೊಟ್ಟಿದ್ದಾರೆ. ಇವರ ರಟ್ಟಿನ ಮೇಲಿನ ಹುಳ ಅಂಗೈಯಗಲ ಇದೆ, ಯಾರಾದ್ರೂ ಹುಡುಕ್ಕೊಂಡು ಬಂದಿದ್ದಾರಾ ಕೇಳಿ” ಎಂದೆ.

ಅಧಿಕಾರಿ ಮೇಜಿನ ಮೇಲಿದ್ದ ನಾಲ್ಕು ಪುಸ್ತಕಗಳನ್ನು ಹತ್ತಿರ ಎಳೆದುಕೊಂಡರು. ಎರಡು ನಮ್ಮವು, ಎರಡು ಬೇರೆ ಯಾರವೋ, ನೋಡಲು ಒಂದೇ ಥರ. ಕನ್ನಡಕ ತೆಗೆದಿಟ್ಟು ಒಂದೊಂದರ ಹಿಂದೆಯೂ ಹೆಬ್ಬೆರಳು ಆಡಿಸಿದರು. ಎರಡನ್ನು ಎಡಕ್ಕೆ, ಎರಡನ್ನು ಬಲಕ್ಕೆ ಇಟ್ಟರು. ಎಡಗಡೆಯದನ್ನು ಮತ್ತೊಮ್ಮೆ ಮುಟ್ಟಿ, “ಈ ಕೊಂಬು ಅರ್ಧಕ್ಕೇ ನಿಂತಿದೆಯಲ್ಲ” ಎಂದರು.

“ಇಂಕು ಮುಗೀತು ತಾಯಿ.”

ಗುಮಾಸ್ತ ಕೇಳಿದ, “ಇದನ್ನ ಹೇಗೆ ಬರೀಲಿ ಮೇಡಂ?”

“ಕೈಯಾಡಿಸಿ ಪರಿಶೀಲಿಸಲಾಯಿತು ಅಂತ ಬರೀರಿ.”

ತೀರ್ಪು ಇನ್ನೆರಡು ತಿಂಗಳಿಗಂತೆ. ಏನೇ ಬರಲಿ, ಅಚ್ಚನ್ನು ನಾನು ಯಾರ ಕೈಗೂ ಇಡುವುದಿಲ್ಲ.

ದಿ ಅಂಡರ್‌ಸೈನ್ಡ್

ನವೆಂಬರ್ ೨೧

…ಹಾಗಾಗಿ ನಿನ್ನೆ ಫೋನಿನಲ್ಲಿ ನೀನು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ ಕತ್ತರಿ, ಅಕ್ಕಪಕ್ಕದವರು ಏನೆಂದುಕೊಂಡರೋ. ಆದೇಶದ ಕಾಗದ ಕೈಗೆ ಬಂತು. ಕಂಪನಿಯ ಅರ್ಜಿ ತಿರಸ್ಕೃತ. ನಮ್ಮದು ಅಂಗೀಕೃತ, ಮುಂದಿನ ತಿಂಗಳು ನೋಂದಣಿ ಕಚೇರಿಯ ಜರ್ನಲ್ಲಿನಲ್ಲಿ ಛಾಪಿಸುತ್ತಾರೆ, ಆಮೇಲೆ ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ಆಕ್ಷೇಪಿಸಬಹುದಂತೆ. ಆಕ್ಷೇಪಿಸಲಿ! ಮಂಡಿಗೆ ಮೆಟ್ಟಿಲು ಈಗ ಅಭ್ಯಾಸವಾಗಿದೆ.

ಕೊನೆಯಲ್ಲಿ ಒಂದು ಸಾಲಿದೆ, ಇನ್ನು ಮುಂದೆ ಗುರುತನ್ನು ಹೊರಗೆ ಕಾಣುವಂತೆ ಹಾಕತಕ್ಕದ್ದು ಎಂದು. ಹಾಕುವುದಿಲ್ಲ ಎಂದೆ. ವಕೀಲಮ್ಮ ಮೆಟ್ಟಿಲಲ್ಲೇ ನಿಲ್ಲಿಸಿ ಬೈದರು, “ಗೆದ್ದು ತಂದಿದ್ದನ್ನ ಮತ್ತೆ ಮುಚ್ಚಿಟ್ಟು ಕಳ್ಕೊಳ್ತೀರಾ? ಇನ್ನೊಂದು ಸಲ ನಿಮ್ಮ ಪರ ಬರೋದು ನಾನಲ್ಲ.” ನೀನೂ ಅದನ್ನೇ ಹೇಳುತ್ತೀಯೆಂದು ಗೊತ್ತು. ಎರಡು ದಿನ ಮುನಿಸಿಕೊಂಡು ಕೂತು ಒಂದು ಉಪಾಯ ಮಾಡಿದೆ. ಪ್ರತಿ ಪುಸ್ತಕಕ್ಕೂ ಹೊರಗೆ ಎರಡು ಬೆರಳಗಲದ ಕಾಗದದ ಪಟ್ಟಿ ಸುತ್ತುತ್ತೇನೆ. ಅದರ ಮೇಲೆ ಅವಳ ಗೆರೆ, ಒಂದೂವರೆ ಕೊಂಬಿನ ಸಮೇತ. ಗೆರೆಯ ಕೆಳಗೆ ಅವಳ ಪೂರ್ತಿ ಹೆಸರು. ಆ ಕೋಟಿನವನು ನಿನಗೆ ಮಾತು ಕೊಟ್ಟು ತಪ್ಪಿದ್ದ ನೋಡು, ಅದು.

ಅಚ್ಚು ಮಾತ್ರ ಒಳಗೇ. ಅದರಲ್ಲಿ ರಾಜಿಯಿಲ್ಲ. ‘ಗುರುತನ್ನು ಯಾರಿಗೆ ಕಾಣುವಂತೆ ಹಾಕಲಾಗಿದೆ’ ಎಂಬ ಕಾಲಂನಲ್ಲಿ ‘ಕಣ್ಣಿಗೆ ಮತ್ತು ಹೆಬ್ಬೆರಳಿಗೆ’ ಎಂದು ಬರೆದೆ. ಕಿಟಕಿಯ ಹೆಣ್ಣುಮಗಳು ಓದಿ ಮುದ್ರೆ ಹಾಕಿದಳು. ಹಾಕಿ, ಸುತ್ತ ಯಾರಿದ್ದಾರೆಂದು ನೋಡಿ, ನಮೂನೆಗೆಂದು ಕೊಟ್ಟ ಪುಸ್ತಕದ ಹಿಂದೆ ಹೆಬ್ಬೆರಳು ಆಡಿಸಿದಳು.

ಮೊದಲ ಪಟ್ಟಿ ಈ ಕಾಗದದ ಜೊತೆಗಿದೆ. ನಿನ್ನ ಆ ಹಳೆಯ ಪುಸ್ತಕಕ್ಕೆ ಸುತ್ತು. ಎಬ್ಬಿಸಿದ ಹಾಳೆಯನ್ನು ತಿರುಗಿ ಅಂಟಿಸಬೇಡ, ಹಾಗೇ ತೆರೆದಿರಲಿ, ಅದೊಂದಾದರೂ.

ಇವತ್ತು ಅವಳ ಹಾಳೆಗಳಲ್ಲಿ ಕೊನೆಯದನ್ನು ತೆಗೆದೆ. ನೀಲಿಯಲ್ಲಿ ಕಂದು ಹರಿದದ್ದು. ರಟ್ಟಿಗೆ ಅಚ್ಚು ಒತ್ತಿ, ಅಂಟು ಸವರಿ, ಹಾಳೆ ಕೂರಿಸಿ ಪಕ್ಕಕ್ಕಿಟ್ಟು ಇದನ್ನು ಬರೆಯಲು ಕೂತೆ. ಹೇಳಬೇಕಾದದ್ದು ಇನ್ನೂ ಇತ್ತು, ಕೆತ್ತನೆಯವನು ಏನಂದ ಎಂಬುದು, ಆಮೇಲೆ ಆ ಪೋಸ್ಟಿನವನು… ಆದರೆ ಕಿಟಕಿಯ ಬೆಳಕು ಆಗಲೇ ಮೇಜು ಬಿಟ್ಟು ಇಳಿದಿದೆ, ನಾನೇ ಬರೆದ ಸಾಲು ನನಗೆ ಕಾಣುತ್ತಿಲ್ಲ. ಅಚ್ಚನ್ನು ಸರಿಯಾದ ಮೈಗೇ ಒತ್ತಿದೆನೋ ಇಲ್ಲವೋ ಎಂದು ಈಗ ದಿಗಿಲು. ಹೆಬ್ಬೆರಳು ಆಡಿಸಿದೆ.

ಇದೆ.